ಮಾರ್ ಅಂದ, ಮಾರಿದೆ

ಫುಟ್‌ಬಾಲಿನಲ್ಲಿ ಡಿಫೆಂಡರ್ ಆಗಿ ಆಡಿದವನಿಗೆ ಹೊಗಳಿಕೆ ಅಪರೂಪ, ಬೈಗುಳ ಗ್ಯಾರಂಟಿ. ಗೋಲು ತಡೆದರೆ ಅದು ನನ್ನ ಕೆಲಸ, ಬಿಟ್ಟರೆ ನನ್ನ ತಪ್ಪು. ಬೆಳಗಾವಿಯ ಕ್ಯಾಂಪಿನಲ್ಲಿ ಆಡುವಾಗಲೇ ಇದು ಗೊತ್ತಾಗಿತ್ತು. ಆದರೆ ಕಳ್ಳ ಎನ್ನಿಸಿಕೊಳ್ಳಲು ಕೇರಳಕ್ಕೇ ಬರಬೇಕಾಯಿತು. ಹಾಗೆಂದವರು ಮಲಯಾಳಿಗಳಲ್ಲ, ನಮ್ಮ ಕನ್ನಡದವನೇ. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರುವುದೂ ಬೇಡ.

ಕೊಚ್ಚಿಯ ಕ್ಲಬ್ಬಿಗೆ ಸೇರಿದಾಗ ನನಗೆ ಮೂವತ್ತು ದಾಟಿತ್ತು, ಒಂದು ಮಂಡಿ ಆಪರೇಷನ್ ಆಗಿತ್ತು. ಆ ಸೀಸನ್ ಸರಿಹೋದರೆ ಇನ್ನೊಂದು ಕಾಂಟ್ರ್ಯಾಕ್ಟ್, ಇಲ್ಲದಿದ್ದರೆ ನನ್ನ ಆಟ ಅಲ್ಲಿಗೆ ಮುಗಿದಂತೆ. ಮೈದಾನಕ್ಕೆ ಬೇಕಾದಷ್ಟು ಮಲಯಾಳಂ ಮಾತ್ರ ಕಲಿತೆ: ವಾ, ಪೋ, ಮಾರ್. ಮಾರ್ ಎಂದರೆ ಪಕ್ಕಕ್ಕೆ ಸರಿ ಎಂದು. ನಮ್ಮ ಗೋಲ್‌ಕೀಪರ್ ಚೆಂಡಿಗೆ ತಾನೇ ಮುಂದೆ ಬರುವಾಗ ಹಾಗೆ ಕೂಗುತ್ತಿದ್ದ. ಕೂಗಿದರೆ ಸರಿಯಲೇಬೇಕು, ಅಲ್ಲಿ ಚರ್ಚೆಗೆ ಹೊತ್ತಿರುವುದಿಲ್ಲ.

ಸೀಸನ್ನಿನ ಕೊನೆಗೆ ಒಂದು ಪಂದ್ಯದಲ್ಲಿ ಎಡಗಡೆಯಿಂದ ಚೆಂಡು ಎತ್ತರದಲ್ಲಿ ಬಂತು. ತಲೆ ಕೊಡಲು ಸಿದ್ಧನಿದ್ದೆ. ಕೀಪರ್ ಹಿಂದಿನಿಂದ ಮಾರ್ ಎಂದು ಅರಚಿದ. ಸರಿದೆ. ಚೆಂಡು ಅವನ ಕೈತಪ್ಪಿತು, ಗೋಲಾಯಿತು, ಸೋತೆವು. ಇಡೀ ಸ್ಟೇಡಿಯಂ ಬೈದದ್ದು ನನ್ನನ್ನು.

ಕೇರಳದಲ್ಲಿರುವ ಕನ್ನಡಿಗರದೊಂದು ಗ್ರೂಪ್ ನನ್ನ ಫೋನಿನಲ್ಲಿತ್ತು. ಐಟಿ ಪಾರ್ಕಿನ ಹುಡುಗನೊಬ್ಬ ಅದರಲ್ಲಿ ಏನಾಯ್ತಣ್ಣ ಎಂದು ಕೇಳಿದ. ಮಾತನ್ನು ರೆಕಾರ್ಡ್ ಮಾಡಿ ಕಳಿಸಿದೆ: "ಏನ್ ಮಾಡ್ಲಿ ತಮ್ಮಾ, ಅವ ಮಾರ್ ಅಂದ, ನಾ ಮಾರಿದೆ." ಇಲ್ಲಿ ನಾವೆಲ್ಲ ಹೀಗೇ ಮಾತಾಡುವುದು, ಮಲಯಾಳಂ ಪದಕ್ಕೆ ಕನ್ನಡದ ಬಾಲ ಅಂಟಿಸಿಕೊಂಡು.

ಗ್ರೂಪಿನ ಹಿರಿಯನೊಬ್ಬ, ತಿರುವನಂತಪುರದಲ್ಲಿ ಬ್ಯಾಂಕ್ ಅಧಿಕಾರಿ, ಮೂಲ ಮೈಸೂರು. ಆ ಮಹಾನುಭಾವ ನನ್ನ ದನಿಯನ್ನು ಹತ್ತು ಕಡೆ ಹಂಚಿ, ಬೇಲಿಯೇ ಎದ್ದು ಹೊಲ ಮೇಯ್ದಿದೆ, ಇವನು ಮ್ಯಾಚ್ ಮಾರಿಕೊಂಡಿದ್ದಾನೆ, ಅದನ್ನು ತನ್ನ ಬಾಯಿಂದಲೇ ಹೇಳಿದ್ದಾನೆ ಎಂದು ಬರೆದ. ಅದು ಕ್ಲಬ್ಬಿನವರೆಗೂ ಮುಟ್ಟಿತು.

ವಿಚಾರಣೆ ತಿರುವನಂತಪುರದ ಪಟ್ಟಂನ ಒಂದು ಆಫೀಸಿನಲ್ಲಿ ನಡೆಯಿತು. ಮುಂಬೈ ಕಡೆಯಿಂದ ಬಂದ ಇಬ್ಬರು ತನಿಖಾಧಿಕಾರಿಗಳು ಕೂತಿದ್ದರು, ಅವರಿಗೆ ಕನ್ನಡವೂ ಬಾರದು, ಮಲಯಾಳವೂ ಬಾರದು. ಅನುವಾದಕ್ಕೆ ಕರೆಸಿದ್ದು ಯಾರನ್ನು? ಆ ಬ್ಯಾಂಕಿನವನನ್ನೇ! ಕೀಪರ್ ತಾನೇನು ಕೂಗಿದೆನೋ ನೆನಪಿಲ್ಲ ಎಂದು ಕೈತೊಳೆದುಕೊಂಡ, ಅವನಿಗೂ ಕಾಂಟ್ರ್ಯಾಕ್ಟ್ ಬೇಕಿತ್ತಲ್ಲ. ಅದು ಮಲಯಾಳಂ ಮಾತು ಎಂದು ನಾನು ಹರಕು ಇಂಗ್ಲಿಷಿನಲ್ಲಿ ಬಡಕೊಂಡೆ. ಬಾಗಿಲಲ್ಲಿ ನಿಂತ ವಾಚ್‌ಮನ್‌ನನ್ನಾದರೂ ಕೇಳಿ ಎಂದೆ. ವಿಚಾರಣೆ ಹಾಗೆಲ್ಲ ನಡೆಯುವುದಿಲ್ಲ ಎಂದು ಅವರು ಬ್ಯಾಂಕಿನವನ ಕಡೆ ತಿರುಗಿದರು. ಇಪ್ಪತ್ತು ವರ್ಷದಿಂದ ಇಲ್ಲೇ ಬೇರುಬಿಟ್ಟ ಆಸಾಮಿ, ಟೈ ಸರಿಮಾಡಿಕೊಂಡು, ತನಗೆ ಮಲಯಾಳಂ ಬರುವುದಿಲ್ಲ, ಕನ್ನಡದಲ್ಲಿ ಈ ಮಾತಿಗೆ ದುಡ್ಡಿಗೆ ಕೊಡುವುದು ಎಂದೇ ಅರ್ಥ ಎಂದ. ಬರೆದದ್ದನ್ನು ನುಂಗಿಕೊಳ್ಳಲು ಅವನ ಗತ್ತು ಬಿಡಲಿಲ್ಲ, ನನ್ನ ಅನ್ನ ಹೋದರೆ ಅವನಿಗೇನು?

ಆರೋಪ ಸಾಬೀತಾಗಲಿಲ್ಲ, ಕಾಂಟ್ರ್ಯಾಕ್ಟೂ ಬರಲಿಲ್ಲ. ಬೇರೆ ಯಾವ ಕ್ಲಬ್ಬೂ ಫೋನ್ ಎತ್ತಲಿಲ್ಲ. ಈಗ ಕೊಚ್ಚಿಯ ಎಡಪ್ಪಳ್ಳಿಯ ಹತ್ತಿರ ಚಿಕ್ಕ ಮಕ್ಕಳಿಗೆ ಕೋಚಿಂಗ್ ಕೊಡುತ್ತೇನೆ, ಅವರಿಂದಲೇ ನನ್ನ ಮಲಯಾಳಂ ಅಷ್ಟಿಷ್ಟು ಬೆಳೆದಿದೆ. ಮಕ್ಕಳನ್ನು ಕರೆತರುವ ಕನ್ನಡದವರು ನನ್ನ ಹೆಸರು ಕೇಳಿದ ಕೂಡಲೇ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೋದ ತಿಂಗಳು ಅಲ್ಲಿನ ಮಾಲಿಗೆ ಬಂದಿದ್ದ ಆ ಬ್ಯಾಂಕಿನವನನ್ನು ಕಂಡೆ. ಹೆಂಡತಿ, ಮೊಮ್ಮಗಳು ಜೊತೆಗಿದ್ದರು. ಸಾಮಾನು ತುಂಬಿದ ಟ್ರಾಲಿಯೊಂದು ಮಗುವಿನ ಕಡೆಗೇ ಬರುತ್ತಿತ್ತು.

"ಮಾರ್ ಮೋಳೇ, ಮಾರ್! ಅವಿಡೆ ನಿಕ್ಕಲ್ಲೇ!" ಎಂದು ಅವನು ಕೂಗಿದ. ಸರಿ ಮಗಳೇ, ಅಲ್ಲಿ ನಿಲ್ಲಬೇಡ ಎಂದು. ಎಷ್ಟು ಸೊಗಸಾದ ಮಲಯಾಳಂ!

ಮಗು ಪಕ್ಕಕ್ಕೆ ಸರಿಯಿತು. ನಾನು ಹೋಗಿ ಎದುರಿಗೇ ನಿಂತೆ.

"ನಮಸ್ಕಾರ್ರೀ ಸಾಹೇಬ್ರ. ಕೂಸಿಗೆ ಏನ್ ಮಾರಾಕ ಹೇಳಾಕತ್ತೀರಿ?"

ಗುರುತು ಹಿಡಿದ. ಮುಖ ಬಿಳುಪೇರಿತು. ಹಳೆಯದೆಲ್ಲ ಈಗ್ಯಾಕಪ್ಪಾ ಎಂದು ಗೊಣಗುತ್ತಾ ಹೆಂಡತಿಯ ಕಡೆ ನೋಡಿದ. ಹುಡುಗಿಗೂ ನನ್ನ ಕನ್ನಡ ಅರ್ಥವಾಗಿತ್ತು. ಏನನ್ನೂ ಮಾರುವುದಲ್ಲ ಅಂಕಲ್, ಸರಿದು ನಿಲ್ಲು ಅಂತ ಅರ್ಥ ಎಂದು ಮಲಯಾಳದಲ್ಲೇ ನನಗೆ ಪಾಠ ಹೇಳಿತು. ನಿಮಗೆ ಗೊತ್ತಿಲ್ಲದಿದ್ದರೆ ನಮ್ಮ ತಾತನನ್ನು ಕೇಳಿ, ನನಗೆ ಮಲಯಾಳಂ ಕಲಿಸಿದ್ದೇ ಅವರು ಎಂದಿತು.