ಸಖೂಬಾಯಿ ಬೊಬ್ಬೆ ಹಾಕಿದ ಹೋಳಿ

ಬಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಖೂಬಾಯಿ ಹದಿನಾರು ವರ್ಷದಿಂದ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತ ಹೆಂಗಸು. ಟ್ರಂಕ್ ಕಾಲ್ ತಡವಾದರೆ ಟಿಕೋಟಾದ ವ್ಯಾಪಾರಿಗಳು ಅವಳ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಬಬಲೇಶ್ವರದವರಂತೂ ದೂರದ ಊರಿಗೆ ಮಾತು ಮುಟ್ಟಬೇಕಾದರೆ ಅಷ್ಟೇ ದೊಡ್ಡದಾಗಿ ಕೂಗಬೇಕೆಂದು ನಂಬಿ, ಫೋನೇ ಬೇಡವೆನ್ನುವ ಹಾಗೆ ಅರಚುತ್ತಿದ್ದರು. ಎಲ್ಲರಿಗೂ ಅವಳದು ಒಂದೇ ಉತ್ತರ: "ಸ್ವಲ್ಪ ತಡೀರಿ, ಲೈನ್ ಕೊಡತೇನಿ."

ಮನೆಗೆ ಬಂದರೆ ಅಲ್ಲೂ ಅರಚಾಟವೇ. ತಮ್ಮ ರಮೇಶ ಕಾಲೇಜಿನಲ್ಲಿ ಮನಃಶಾಸ್ತ್ರದ ಲೆಕ್ಚರರ್. ಮುಂಬೈಯಿಂದ ರೆಕಾರ್ಡ್ ಪ್ಲೇಯರ್ ತಂದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ರಜೆ ಬಂದರೆ ಸಾಕು, ವಿದ್ಯಾರ್ಥಿಗಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ರಾಕ್ ಹಾಡು ಹಚ್ಚುತ್ತಿದ್ದ.

"ಪ್ರತಿಯೊಬ್ಬರ ಒಳಗೂ ಒಂದು ನೆರಳು ಇರತದ. ಸಿಟ್ಟು, ಹೊಟ್ಟೆಕಿಚ್ಚು, ಸ್ವಾರ್ಥ, ನಮ್ಮದು ಅಂತ ಒಪ್ಪಿಕೊಳ್ಳಲಿಕ್ಕೆ ನಾಚಿಕಿ ಬರೋದೆಲ್ಲ ಅಲ್ಲಿ ತುಂಬತೇವಿ. ಈ ಹಾಡುಗಾರ ಮುಚ್ಚಿಡೋದಿಲ್ಲ, 'ನಾ ಕೆಟ್ಟವ' ಅಂತ ಗಿಟಾರ್ ಹಿಡಕೊಂಡು ಒದರತಾನ. ಮುಚ್ಚಿಟ್ಟವರು ತಮ್ಮ ಕೆಟ್ಟತನಾನ ಬ್ಯಾರೆ ಮಂದ್ಯಾಗ ಕಾಣತಾರ."

ಒಳಗೆ ಚಹಾ ಸೋಸುತ್ತ ಸಖೂಬಾಯಿ ಕೇಳಿಸಿಕೊಳ್ಳುತ್ತಿದ್ದಳು. ಮಾತು ಸುಳ್ಳಲ್ಲ ಎನಿಸುತ್ತಿತ್ತು, ಆಡುವವನನ್ನು ನೋಡಿದರೆ ಮೈ ಉರಿಯುತ್ತಿತ್ತು. ತಂದೆ ತೀರಿಕೊಂಡಾಗ ತನ್ನ ಓದು ಬಿಟ್ಟು ಅವನನ್ನು ಓದಿಸಿದವಳು ಅವಳು. ಇಪ್ಪತ್ತೆಂಟು ವರ್ಷದ ಗಂಡಸಿಗೆ ತನ್ನ ಟವೆಲ್ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಊರವರ ಮನಸ್ಸಿನ ಕತ್ತಲೆಯೆಲ್ಲ ಗೊತ್ತಿತ್ತು! ಹೋಳಿ ಹತ್ತಿರ ಬಂದು ಓಣಿಯಲ್ಲಿ ಹಲಗೆ ಬಡಿಯತೊಡಗಿದರೆ ಮಾತ್ರ "ಅನಾಗರಿಕ ಮಂದಿ" ಎಂದು ಕಿಟಕಿ ಹಾಕುತ್ತಿದ್ದ.

ಆ ವರ್ಷ, ೧೯೭೪ರಲ್ಲಿ, ಅವಳಿಗೆ ಹುಬ್ಬಳ್ಳಿಯಿಂದ ಸೂಪರ್‌ವೈಸರ್ ತರಬೇತಿಗೆ ಕರೆ ಬಂದಿತ್ತು. ಆರು ತಿಂಗಳು ತನ್ನದೇ ಕೋಣೆ, ಆಮೇಲೆ ತನ್ನದೇ ಕುರ್ಚಿ. ಯಾರಿಗೂ ಹೇಳದೆ ಟ್ರಂಕು ತುಂಬಿಟ್ಟಿದ್ದಳು. ಹೋಳಿಯ ಹಿಂದಿನ ದಿನ ಹುಬ್ಬಳ್ಳಿಯ ಆಪರೇಟರ್ ಅಬೇದಾ ಲೈನಿನಲ್ಲಿ ಕೇಳಿದಳು:

"ಅಕ್ಕಾರ, ಯಾಕ ಒಲ್ಲೆ ಅಂದ್ರಿ?"

"ನಾ ಯಾವಾಗ ಅಂದೆ?"

"ನಿಮ್ಮ ತಮ್ಮನವರ ಕಾಗದ ಬಂದೈತ್ರಿ. ನಿಮ್ಮ ಮನಸ್ಸು ಗಟ್ಟಿ ಇಲ್ಲ, ಜವಾಬ್ದಾರಿ ತಡಿಯೂದಿಲ್ಲ ಅಂತ ಬರದಾರ. ನಾಳೆ ಸಂಜಿ ಒಳಗ ಸಾಹೇಬ್ರಿಗೆ ಹೇಳ್ರಿ, ಇಲ್ಲಂದ್ರ ಜಾಗಾ ಬ್ಯಾರೆಯವರಿಗೆ ಹೋಗತೈತಿ."

ಮನೆಯಲ್ಲಿ ಕೇಳಿದರೆ ರಮೇಶನಿಗೆ ನಾಚಿಕೆಯೂ ಆಗಲಿಲ್ಲ. "ಟ್ರಂಕಿನಾಗ ಕರೆ ಕಾಗದ ನೋಡಿದೆ, ನಿನ್ನ ಹಿತಕ್ಕ ಬರದೇನಿ ಅಕ್ಕಾ. ಪರಊರಾಗ ಒಬ್ಬಾಕಿ ಹೆಂಗ ಇರ್ತಿ?"

"ನಾ ಇರ್ತೇನಿ. ನಿನಗ ಭಕ್ರಿ ಬಡಿಯವ್ರು ಯಾರು ಅನ್ನೋ ಚಿಂತಿ ನಿಂದು."

"ನೋಡು, ನಿನ್ನ ಅಂಜಿಕಿ ನನ್ನ ಮ್ಯಾಲ ಹೊರಸಬ್ಯಾಡ" ಎಂದು ಅದಕ್ಕೂ ಒಂದು ಪಾಠ ಹೇಳಿದ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು ಅವಳಿಗೆ.

ಮರುದಿನ ರಜೆ, ಪಡಸಾಲೆ ತುಂಬ ವಿದ್ಯಾರ್ಥಿಗಳು. ಹೊರಗೆ ಕಾಮನನ್ನು ಸುಟ್ಟ ಗಂಡಸರು ಬಾಯಿಗೆ ಕೈ ಬಡಿದುಕೊಳ್ಳುತ್ತ "ಲಬೋ ಲಬೋ" ಎಂದು ಬೊಬ್ಬೆ ಹಾಕುತ್ತಿದ್ದರು. ಆ ದಿನ ಯಾರು ಯಾರನ್ನು ಬೈದರೂ ಕೇಳುವವರಿಲ್ಲ. ಹೆಂಗಸರು ಮಾತ್ರ ಬಾಗಿಲಲ್ಲಿ ನಿಂತು ನೋಡಬೇಕು, ಅದು ರಿವಾಜು.

ಸಖೂಬಾಯಿ ಚಹಾದ ತಾಟನ್ನು ರೆಕಾರ್ಡ್ ಪ್ಲೇಯರಿನ ಮೇಲೆಯೇ ಇಟ್ಟು ಓಣಿಗೆ ಇಳಿದಳು. ಹಲಗೆ ಬಡಿಯುತ್ತಿದ್ದ ಶಂಕ್ರೆಪ್ಪನ ಪಕ್ಕ ನಿಂತು ಬಾಯಿಗೆ ಕೈ ಹಚ್ಚಿದಳು.

"ಲಬೋ ಲಬೋ! ಸಾಕಿದ ಅಕ್ಕನ ಮನಸ್ಸು ಗಟ್ಟಿ ಇಲ್ಲಂತ ಬರದವನ ಕೈ ಸೇದಿಹೋಗಲಿ!"

ಶಂಕ್ರೆಪ್ಪ ಗಾಬರಿಯಾಗಿ ಹಲಗೆ ನಿಲ್ಲಿಸಿದ. ಅವಳು ಕಣ್ಣು ಕೆಕ್ಕರಿಸಿದ ಮೇಲೆ ಮತ್ತೆ ಬಡಿದ. ಬಾಗಿಲಿಗೆ ಓಡಿಬಂದ ರಮೇಶನ ಮುಖ ಕಪ್ಪಿಟ್ಟಿತು. ಆದರೆ ಬೆನ್ನ ಹಿಂದೆ ವಿದ್ಯಾರ್ಥಿಗಳಿದ್ದರಲ್ಲ, ಗಂಟಲು ಸರಿಪಡಿಸಿಕೊಂಡ.

"ನೋಡ್ರಿ, ಇದ ಆ ನೆರಳು. ಅಕ್ಕನ ಒಳಗ ಮುಚ್ಚಿಟ್ಟದ್ದು ಹೊರಗ ಬಂತು."

ಇಬ್ಬರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಇದು ನನ್ನ ನೆರಳಲ್ಲೋ ತಮ್ಮಾ, ನಾನ. ನಿನ್ನ ನೆರಳು ಹುಬ್ಬಳ್ಳಿ ಆಫೀಸಿನ ಫೈಲಿನಾಗ ಅದ, ನಿನ್ನ ಸಹಿ ಸಮೇತ. ಅದನ್ನೂ ಇವರಿಗೆ ಓದಿ ಹೇಳು."

ವಿದ್ಯಾರ್ಥಿಗಳು ಬರೆಯುವುದು ಬಿಟ್ಟು ಅವನ ಮುಖ ನೋಡಿದರು. ಅವಳು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಎಕ್ಸ್‌ಚೇಂಜಿಗೆ ಹೋಗಿ, ಅಬೇದಾಳಿಗೆ ಹೇಳಿ ಸಾಹೇಬರ ಮನೆಗೆ ಲೈನು ಹಾಕಿಸಿಕೊಂಡಳು. ಸೋಮವಾರ ಹಾಜರಾಗುತ್ತೇನೆ ಎಂದಳು.

"ತಮ್ಮನವರು ಒಪ್ಪಿದರೇನಮ್ಮಾ?" ಎಂದರು ಸಾಹೇಬರು.

"ನಾ ಒಪ್ಕೊಂಡೇನ್ರಿ," ಎಂದಳು ಸಖೂಬಾಯಿ. "ಕರೆ ಬಂದದ್ದು ನನಗ."