ಕುಸುಬಿ ಹೂವಿನ ಕಡ್ಡಿಜೇನು

ಅರವತ್ತನೇ ಇಸವಿ ಆಚೀಚಿನ ಮಾತು. ನಮ್ಮವ್ವನ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಆಪರೇಶನ್ ಆಗಬೇಕು ಅಂತ ವಿಜಾಪುರದ ಡಾಕ್ಟರು ಹೇಳಿದ್ರು. ಇಕಿ ಮಾತ್ರ ಕೇಳಲೊಲ್ಲಳು. 'ಕಡ್ಡಿಜೇನಿನ ತುಪ್ಪ ಹಾಕ್ಕೋತೀನಿ. ಅದಕ್ಕೂ ಕಾಣಲಿಲ್ಲಂದ್ರ ನೀ ಕರದಲ್ಲಿ ಬರ್ತೀನಿ' ಅಂದಳು. ಹೂಂ ಅಂದೆ. ಕಲ್ಲಿಗೆ ಹೇಳೂದೂ ಒಂದ, ಆಕಿಗೆ ಹೇಳೂದೂ ಒಂದ.

ತಿಕೋಟಾದ ನಮ್ಮ ಹಿತ್ತಲದಾಗ ನಿಂಬಿಗಿಡದ ಟೊಂಗಿಗೆ ಅಂಗೈಯಷ್ಟು ಜೇನುಹುಟ್ಟು ಇತ್ತು. ಈ ಹುಳ ಸಣ್ಣವು, ಬಯಲಾಗ ಒಂದ ಹುಟ್ಟು ಕಟ್ತಾವ. ತುಪ್ಪ ಮ್ಯಾಲೆ ಕಡ್ಡಿ ಸುತ್ತ, ಮರಿ ಕೆಳಗ. ನಾಳೇನ ಕೊಯ್ಯೂಣು ಅಂದ್ರ, 'ಈಗಿಂದು ಗುರೆಳ್ಳು ಹೂವಿಂದು, ಕಣ್ಣಿಗೆ ಆಗೂದಿಲ್ಲ. ಕುಸುಬಿ ಹೂ ಬಿಡ್ಲಿ' ಅಂದಳು. ಕುಸುಬಿ ಮುಳ್ಳಿನ ಗಿಡ, ದನಾನೂ ಬಾಯಿ ಹಾಕೂದಿಲ್ಲ, ಈ ಹುಳಕ್ಕ ಮಾತ್ರ ಅದರಾಗ ಹಾದಿ ಗೊತ್ತು. ಬಬಲೇಶ್ವರದ ಹಾದಿಗುಂಟ ಹೊಲ ಎಲ್ಲಾ ಹಳದಿ ಆದವು, ಹಳದಿ ಹೋಗಿ ಕೆಂಪಾತು, ಇಕಿ ಇನ್ನೂ ಇರ್ಲಿ ಇರ್ಲಿ ಅನ್ನಾಕಿ. ಒಂದಿನ ಒಲಿ ಮ್ಯಾಲಿನ ಹಂಚು ಕಾಣದ ಕೈ ಸುಟಗೊಂಡಳು. ನನ್ನ ಸಿಟ್ಟು ನೆತ್ತಿಗೇರಿತು.

ಅವತ್ತ ಹೊಗಿ ಹಾಕಿ ಕೊಯ್ದೆ. ಮರಿ ಇದ್ದ ತುಂಡನ್ನ ಸೀಳಿದ ಜ್ವಾಳದ ದಂಟಿನಾಗ ಹಿಡಿಸಿ ಅದ ಟೊಂಗಿಗೆ ತಿರಗಿ ಕಟ್ಟೂದು ನಮ್ಮ ಕಡಿ ಪದ್ಧತಿ. ಹುಳ ಬಂದು ಮತ್ತ ಕೂಡ್ತಾವ. ನಾ ಸಿಟ್ಟಿನಾಗ ದಾರ ಜಗ್ಗಿ ಬಿಗದೆ, ಮರಿ ಜಜ್ಜಿ ಹೋದವು. ಮೂರು ದಿನಕ್ಕ ಒಂದ ಹುಳಾನೂ ಉಳೀಲಿಲ್ಲ. 'ಬಂದಾವೇನ ತಂಗಿ?' ಅಂತ ಅವ್ವ ಕೇಳಿದಳು, ಮಗಳಾದ ನನ್ನ ಹಂಗ ಕರೀತಿದ್ದಳು. 'ಬಂದು ಕುಂತಾವಬೇ' ಅಂದೆ. ಖರೇ ಹೇಳಾಕ ಬಾಯಿ ಬರಲಿಲ್ಲ.

ದಿನಾ ಮುಂಜಾನಿ ಆಕಿ ಕಣ್ಣಿಗೆ ತುಪ್ಪ ಹಾಕಿದೆ. ಉರೀತೈತಿ ಅಂತ ಒದ್ದಾಡಿದ್ರೂ ಬಿಡಲಿಲ್ಲ. ಎಂಟು ದಿನ ಆದ ಮ್ಯಾಲೆ ಗಿಡದ ಮುಂದ ಹೋಗಿ ನಿಂತಳು.

'ಈಗ ಚಲೋ ಕಾಣಾಕತ್ತೈತಿ ನೋಡು. ಹುಳ ಎಷ್ಟ ತುಂಬ್ಯಾವ. ಇನ್ನ ದವಾಖಾನಿ ಮಾತು ಬಿಡು' ಅಂದಳು.

ಟೊಂಗಿ ಬೋಳು ಇತ್ತು. ಆಕಿ ಮ್ಯಾಲೆ ಸಿಟ್ಟು ಬಂತು, ನನ್ನ ಮ್ಯಾಲೆ ಅದಕ್ಕಿಂತ ಹೆಚ್ಚಿಗೆ ಬಂತು. ನಾ ಹೇಳಿದ ಸುಳ್ಳನ್ನ ಆಕಿ ನನಗ ತಿರಗಿ ಹೇಳಾಕತ್ತಿದ್ದಳು. ಆಕಿ ಕೈ ಹಿಡದು ಟೊಂಗಿ ಮ್ಯಾಲೆ ಇಟ್ಟೆ. ಬೆರಳು ಒಣಗಿದ ದಂಟು ಸವರಿದವು, ದಾರ ಸವರಿದವು, ಅಲ್ಲೇ ನಿಂತವು.

ಕೈ ಹಿಂದ ತಗೊಂಡು ಕೇಳಿದಳು: 'ಕಣ್ಣಿಗೆ ಕತ್ತರಿ ಹಚ್ಚಿದ್ರ ಭಾಳ ನೋವಾಗತೈತೇನ ತಂಗಿ?'