ಹೆದರಿಕೆ ಇಲ್ಲ ಎಂದು ಹೇಳಿದ್ದೆ

ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಬಿಕ್ಕುತ್ತಿದ್ದ ನನ್ನ ಹೆಗಲ ಮೇಲೆ ಯಾರೋ ಕೈ ಇಟ್ಟರು. ತಿರುಗಿದರೆ ನೆರೆಮನೆಯ ಲಿಲ್ಲಿಬಾಯಿ. ಯಾರ ಕಣ್ಣಿಗೆ ಬೀಳಬಾರದು ಎಂದುಕೊಂಡಿದ್ದೆನೋ ಅವರೇ.

ಮರುದಿನ ನಾನು ಇಬ್ಬರು ಮಕ್ಕಳೊಂದಿಗೆ ನಮ್ಮೂರು ಶಿರ್ವ ಬಿಟ್ಟು, ಗಂಡ ಇರುವ ಮಸ್ಕತ್‌ಗೆ ಹೊರಡುವವಳಿದ್ದೆ. ಬೀಳ್ಕೊಡುಗೆಯ ಪ್ರಾರ್ಥನೆಗೆ ಚರ್ಚಿನ ನಮ್ಮ ವಾರ್ಡಿನ ಮನೆಯವರೆಲ್ಲ ಬಂದಿದ್ದರು. "ನನಗೆ ಎಂತ ಹೆದರಿಕೆಯೂ ಇಲ್ಲ, ಎಲ್ಲ ದೇವರಿಗೆ ಬಿಟ್ಟಿದ್ದೇನೆ" ಎಂದು ಅವರೆದುರು ಹೇಳಿ, ಹಿತ್ತಿಲಿಗೆ ಬಂದು ಕುಸಿದಿದ್ದೆ. ಎಸ್‌ಟಿಡಿ ಬೂತಿನಿಂದ ಗಂಡನಿಗೂ ಅದೇ ಸುಳ್ಳು ಹೇಳಿದ್ದೆ. ವಾರದಿಂದ ಊಟ ಸೇರುತ್ತಿರಲಿಲ್ಲ.

ವರ್ಷದ ಹಿಂದೆ ಲಿಲ್ಲಿಬಾಯಿಯ ಗಂಡ ತೀರಿಕೊಂಡಿದ್ದರು. ಮುಂದೆ ಹೇಗೋ ಎಂಬ ಚಿಂತೆಗೆ ಎದೆ ಡವಗುಟ್ಟುತ್ತದೆ ಎಂದು ಅವರು ನನ್ನ ಬಳಿ ಹೇಳಿಕೊಂಡಾಗ, ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಮಾಡುವ ನಾನು, ವಿಶ್ವಾಸ ಇದ್ದವರಿಗೆ ಹೀಗೆಲ್ಲ ಆಗುವುದಿಲ್ಲ ಎಂದು ಗದರಿದ್ದೆ. ಆಮೇಲೆ ಅವರು ನನ್ನ ಬಳಿ ಏನನ್ನೂ ಹೇಳಿಕೊಂಡಿರಲಿಲ್ಲ.

ಈಗ ಅವರೇ ಸೆರಗಿನಿಂದ ನನ್ನ ಮುಖ ಒರೆಸಿದರು. "ಹೆದರಿಕೆ ಆಗ್ತದೆ ಅಂತ ದೇವರಿಗೇ ಹೇಳಿ ಟೀಚರ್. ನಾನು ದಿನಾ ಹೇಳ್ತೇನೆ. ದೇವರು ಬೈಯುವುದಿಲ್ಲ."

"ನಾನು ಬೈದಿದ್ದೆನಲ್ಲ" ಎಂದೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲೇ ಕುಳಿತರು. ಹಾಗೆ ಕುಳಿತೇ, ನನಗೆ ತುಂಬಾ ಹೆದರಿಕೆಯಾಗುತ್ತಿದೆ ಎಂದು ಮೊದಲ ಬಾರಿ ದೇವರೆದುರು ಬಾಯಿಬಿಟ್ಟು ಹೇಳಿದೆ.

ಮಸ್ಕತ್‌ನಲ್ಲಿ ಆ ಹೆದರಿಕೆ ತಿಂಗಳುಗಟ್ಟಲೆ ಕಾಡಿತು. ಪ್ರಾರ್ಥನೆಯಲ್ಲಿ ಅದನ್ನು ಮುಚ್ಚಿಡಲಿಲ್ಲ. ಆದರೆ ಗಂಡನನ್ನು ಕಳೆದುಕೊಂಡು ನಡುಗುತ್ತಿದ್ದ ಹೆಂಗಸಿಗೆ ನಾನು ಆಡಿದ ಮಾತು ನೆನಪಾದರೆ ಇಂದಿಗೂ ತಲೆ ತಗ್ಗುತ್ತದೆ.